ಮೂರನೆಯದನ್ನು ಒಬ್ಬಳೇ ಕೇಳು

ವಾಡಿ

ಪ್ರೀತಿಯ ರತ್ನಕ್ಕಾ,

ರೊಟ್ಟಿ ಬಡಿಯುವಾಗ ಕೇಳಲು ಒಳ್ಳೆಯ ಪಾಡ್‌ಕಾಸ್ಟ್ ಹೇಳು ಅಂದಿದ್ದೆಯಲ್ಲ. ನನ್ನ ಫೋನ್ ಮೊನ್ನೆಯಿಂದ ಅವ್ವನ ಪೆಟ್ಟಿಗೆಯಲ್ಲಿದೆ, ಅದಕ್ಕೇ ಈ ಚೀಟಿ.

ಮೊದಲು ವಚನಗಳದ್ದು ಕೇಳು, ನಿಮ್ಮ ಅತ್ತೆಗೂ ಸೇರುತ್ತದೆ. ಆಮೇಲೆ ರೈಲುಗಳದ್ದು, ಅದರಲ್ಲಿ ನಮ್ಮ ವಾಡಿ ಸ್ಟೇಷನ್ ಇದೆ. ಮೂರನೆಯದು ‘ಹೆಸರು ಕೇಳಬ್ಯಾಡ್ರಿ’. ಅದನ್ನು ಮಾತ್ರ ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ಕೇಳು. ಹೊಸ ಕಂತಿನಲ್ಲಿ ಒಬ್ಬ ಹುಡುಗಿ, ಮನೆಯವರು ಗೊತ್ತು ಮಾಡಿದ ಲಗ್ನ ತನಗೆ ಬೇಡ ಅನ್ನುತ್ತಾಳೆ. ಹೆಸರು, ಧ್ವನಿ ಎರಡನ್ನೂ ಬದಲಿಸಿದ್ದಾರೆ. ಆದರೆ ಅವಳು ನಡುವೆ ಅಳುತ್ತಾ “ರತ್ನಕ್ಕಾ, ನಾ ಒಲ್ಲೆ” ಅಂದದ್ದನ್ನು ತೆಗೆಯಲು ಮರೆತಿದ್ದಾರೆ.

ಸೋಮವಾರ ಲಗ್ನಪತ್ರಿಕೆ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಬಂದು ಆ ಕಂತನ್ನು ಅಪ್ಪನಿಗೂ ಹಚ್ಚಿ ಕೇಳಿಸು. ಅವರು ನನ್ನ ಮಾತು ಕೇಳುವುದಿಲ್ಲ. ಫೋನಿನಲ್ಲಿ ಬಂದರೆ ಯಾರ ಮಾತಾದರೂ ಕೇಳುತ್ತಾರೆ.

ನಿನ್ನ ತಂಗಿ,
ಶಿವಲೀಲಾ