ಕೋಳ ಬಿಚ್ಚಿದ ಮೇಲೆ

ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ,

ಪಾಪು ಹೇಗಿದೆ? ಇಷ್ಟು ದಿನ ಬರೆಯಲಿಲ್ಲ ಅಂತ ಬೈಬೇಡ. ಬಾಣಂತಿಗೆ ಏನೂ ತಿಳಿಸಕೂಡದು ಅಂತ ಅಮ್ಮ ನನ್ನ ಬಾಯಿ ಕಟ್ಟಿಹಾಕಿದ್ದಳು. ನಮ್ಮ ತಮ್ಮ ಈಗ ಮನೆಗೆ ಬಂದಿದ್ದಾನೆ. ಎಲ್ಲಿಂದ ಅಂತೀಯಾ? ಜೈಲಿಂದ, ಆಸ್ಪತ್ರೆ ಸುತ್ತಿಕೊಂಡು.

ಮಾತ್ರೆ ತಗೊಂಡರೆ ಬೇಕರಿ ಕೆಲಸದಲ್ಲಿ ತೂಕಡಿಕೆ ಬರತ್ತೆ, ಮಾಲೀಕರು ರೇಗ್ತಾರೆ ಅಂತ ಬಿಟ್ಟುಬಿಟ್ಟಿದ್ದ. ಅವನ ಕಿವಿಯಲ್ಲಿ ಆ ಹಳೇ ದನಿಗಳು ಮತ್ತೆ ಶುರುವಾದವು. ಮೊಬೈಲ್ ಅಂಗಡಿಯ ಸ್ಪೀಕರ್ ತನ್ನನ್ನೇ ಬೈತಿದೆ ಅಂತ ಅದರ ವೈರು ಕಿತ್ತುಹಾಕಿದ. ಅಂಗಡಿಯವನು ಪೊಲೀಸರನ್ನು ಕರೆಸಿದ. ನಾನು ಮಾತ್ರೆ, ಡಾಕ್ಟರ ಚೀಟಿ ಹಿಡಿದು ಠಾಣೆಗೆ ಓಡಿದೆ. "ಹುಚ್ಚನ ವೇಷ ಹಾಕಿದರೆ ಬಿಟ್ಟುಬಿಡ್ತೀವಾ?" ಅಂದ ಪೇದೆ. ಜೈಲಿಗೆ ಕಳಿಸಿದಾಗ ಅಲ್ಲಿನವರು "ಹೊರಗಿನ ಮಾತ್ರೆ ಒಳಗೆ ಬಿಡಲ್ಲ" ಅಂತ ಬಾಗಿಲಲ್ಲೇ ಕಿತ್ತುಕೊಂಡರು. ಒಳಗಿನ ಡಾಕ್ಟರೋ, ದೇವರ ಹಾಗೆ: ಇದ್ದಾರೆ ಅನ್ನೋರೇ ಎಲ್ಲ, ಕಂಡವರಿಲ್ಲ.

ಕೂಗಾಡ್ತಾನೆ ಅಂತ ಒಂಟಿ ಕೋಣೆಗೆ ಹಾಕಿದರಂತೆ. ವಿಚಾರಣೆಯ ದಿನ ನೋಡಿದರೆ ಬರೀ ಮೂಳೆ ಚಕ್ಕಳ. ಜೈಲಿನ ಅಧಿಕಾರಿ, "ಈಗ ಸುಧಾರಿಸಿದ್ದಾನೆ ಸ್ವಾಮಿ, ತುಟಿ ಪಿಟಕ್ಕೆನ್ನಲ್ಲ" ಅಂದ, ಪದಕ ಕೊಡ್ತಾರೇನೋ ಅನ್ನೋ ಹಾಗೆ.

ನಮ್ಮ ವಕೀಲಮ್ಮನಿಗೆ ತಡೆಯಲಾಗಲಿಲ್ಲ. "ಕಾಲು ಮುರಿದವನನ್ನು ಹಿಡಿದರೆ ಕಟ್ಟು ಬಿಚ್ಚಿ ಒಳಗೆ ಹಾಕ್ತೀರಾ? ಮತ್ತೆ ಇವನ ಮಾತ್ರೆ ಯಾಕೆ ಕಿತ್ತುಕೊಂಡ್ರಿ?"

ನ್ಯಾಯಾಧೀಶರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಇವನನ್ನು ಯಾವ ಡಾಕ್ಟರು ನೋಡಿದ್ದಾರೆ?" ಅಧಿಕಾರಿ ಕಡತದ ಹಾಳೆ ತಿರುವತೊಡಗಿದ. "ಮೊದಲು ಕೋಳ ಬಿಚ್ಚಿ" ಅಂದರು. ಜಾಮೀನು ಕೊಟ್ಟು ಆಸ್ಪತ್ರೆಗೆ ಕಳಿಸಿದರು. ಇನ್ನುಮೇಲೆ ಯಾರನ್ನು ಹಿಡಿದರೂ ಅವರ ಮಾತ್ರೆ ಅವರ ಜೊತೆಗೇ ಹೋಗಬೇಕು ಅಂತಲೂ ಆದೇಶ ಬರೆಸಿದರು.

ನಾನು ಅಲ್ಲೇ ಅತ್ತುಬಿಟ್ಟೆ. ವಕೀಲಮ್ಮ ಮಾತ್ರ, "ಠಾಣೆ ಮುಟ್ಟೋದರೊಳಗೆ ಆದೇಶಕ್ಕೆ ವಯಸ್ಸಾಗಿಬಿಡತ್ತಮ್ಮ, ಬೆನ್ನು ಹತ್ತಬೇಕು" ಅಂದರು. ರಜಾ ಸಿಕ್ಕಾಗೆಲ್ಲ ನಾನೂ ಅವರ ಜೊತೆ ಠಾಣೆ ಠಾಣೆ ಅಲೀತಿದ್ದೇನೆ. ಒಂದು ಕಡೆ ಕುರ್ಚಿ ಕೊಟ್ಟರು, ಉಳಿದ ಕಡೆ ನಾಳೆ ಬನ್ನಿ ಅಂದರು.

ನೀನು ಅತ್ತು ಹಾಲು ಬತ್ತಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಪಾಪು ಗಟ್ಟಿಮುಟ್ಟಾಗಿ ಬೆಳೆಯಲಿ, ಅದರ ನಿದ್ದೆಗೆ ಯಾರ ದನಿಯೂ ಅಡ್ಡ ಬರದಿರಲಿ.

ನಿನ್ನ ತಂಗಿ

ತಾ.ಕ.: ಇದನ್ನು ಬರೆಯಬಾರದು ಅಂತಿದ್ದೆ. ತಮ್ಮ ನೀರು ಕುಡಿಯೋಕೂ ಅಪ್ಪಣೆ ಕೇಳ್ತಾನೆ. ಬಾಗಿಲು ಸದ್ದಾದರೆ ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂರ್ತಾನೆ. ನಿನ್ನೆ ಅಮ್ಮ ಅವನ ಗಲ್ಲ ಹಿಡಿದು, "ನಾನು ಕಣೋ, ನಿನ್ನ ಅಮ್ಮ" ಅಂದಳು.

"ಗೊತ್ತು, ಮೇಡಂ" ಅಂದ.