ಗ್ರೀಕನ ಮಾತಿಗೆ ನನ್ನ ದನಿ

ಜೋಗುಪಾಳ್ಯ, ಬೆಂಗಳೂರು
೧೨ ಫೆಬ್ರುವರಿ ೨೦೨೫

ಚಿ. ಶಿವಾನಿಗೆ ಅಜ್ಜಿ ಶರಣಮ್ಮ ಬರೆಯುವುದು.

ಅಥೆನ್ಸಿನಲ್ಲಿ ಚಳಿ ಹೇಗಿದೆ? ಕೆಮ್ಮು ವಾಸಿಯಾಯಿತೇ? ಬಿಸಿನೀರು ಕುಡಿ. ಸಿಟ್ಟಿದೆಯೆಂದು ಕ್ಷೇಮ ವಿಚಾರಿಸದಿರುವಷ್ಟು ಕೆಟ್ಟವಳಲ್ಲ ನಾನು. ಇನ್ನು ಬೈಗುಳ ಶುರು, ಕುಳಿತುಕೊಂಡು ಓದು.

ಹೋದ ಬೇಸಿಗೆಯಲ್ಲಿ ಬಂದಾಗ ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ, ನನ್ನಿಂದ ದಿನಪತ್ರಿಕೆ ಓದಿಸಿ ರೆಕಾರ್ಡ್ ಮಾಡಿಕೊಂಡೆ. ಹಳೆಯ ಗ್ರೀಕ್ ತತ್ವಜ್ಞಾನದ ಪುಸ್ತಕಗಳನ್ನು ನಾಲ್ಕು ಭಾಷೆಗಳಲ್ಲಿ ಕಂಪ್ಯೂಟರಿಗೆ ಹಾಕುತ್ತಿದ್ದೇವೆ, ಕನ್ನಡದ ಸಾಲು ಮುಟ್ಟಿದರೆ ನಮ್ಮ ಟೀಚರಜ್ಜಿಯ ದನಿ ಕೇಳಿಸಬೇಕು ಅಂದೆ. ಮೊಮ್ಮಗಳಲ್ಲವೇ ಎಂದು ಗಂಟಲು ಹರಿಯುವಂತೆ ಓದಿದೆ. ನಾನು ಓದದ್ದನ್ನೂ ಆ ಯಂತ್ರ ನನ್ನ ದನಿಯಲ್ಲಿ ಆಡುತ್ತದೆಂದು ಒಂದು ಮಾತು ಹೇಳಿದೆಯಾ?

ನಿಮ್ಮಜ್ಜನ ಪುಣ್ಯಸ್ಮರಣೆಯ ದಿನ ಊಟಕ್ಕೆ ಎಲೆ ಹಾಕಿತ್ತು. ನಿಮ್ಮಪ್ಪ ವಿರೂಪಾಕ್ಷ, ಮಗಳ ಪ್ರತಾಪ ತೋರಿಸುವ ಉಮೇದಿನಲ್ಲಿ, ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಯಾವನೋ ಗ್ರೀಕನ ಸಾಲು ಒತ್ತಿದ. ವಿಭೂತಿ ಹಚ್ಚಿದ ಫೋಟೋದ ಎದುರು ನನ್ನ ದನಿ ಹೇಳಿತು: ಸತ್ತ ಮೇಲೆ ಆತ್ಮವೂ ಚದುರಿಹೋಗುತ್ತದೆ, ಸತ್ತವನಿಗೆ ಏನೂ ಕೇಳಿಸದು, ಅವನೆಂಬುದೇ ಇಲ್ಲ. ಪಕ್ಕದ ಮನೆಯ ರಾಜೇಶ್ವರಿ "ಆಂಟೀ, ಸೂಪರಾಗಿ ಓದಿದ್ದೀರಾ ಕಣ್ರೀ" ಎಂದಳು. ಸೇಡಂನಿಂದ ಬಂದಿದ್ದ ನಿಮ್ಮಜ್ಜನ ತಂಗಿ ಎಲೆ ಬಿಟ್ಟು ಎದ್ದಳು. "ಗಂಡನ ಮುಂದ ಹಿಂಗ ಅಂತಾರೇನ ವೈನೀ?" ಎಂದು ಕೇಳಿದಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

ಫೋನಿನಲ್ಲಿ ಕೇಳಿದರೆ "ಅಜ್ಜಿ, ಅದು ಬರೀ ವಾಯ್ಸ್, ನೀನಲ್ಲ" ಅಂತೀಯಾ. ನನ್ನ ದನಿ ನಾನಲ್ಲದೆ ಪಕ್ಕದ ಮರ್ಫಿ ಟೌನ್ ಮಾರ್ಕೆಟ್ಟಿನ ಕೋಳಿಯೇನೇ? ಆ ಗ್ರೀಕ ಏನು ಬೇಕಾದರೂ ಹೇಳಲಿ, ಅವನ ಬುದ್ಧಿ ಅವನಿಗೆ. ಜೀವಮಾನವಿಡೀ ಪಾಠ ಹೇಳಿದವಳು, ನಾಸ್ತಿಕರ ಮಾತಿಗೆ ಹೆದರುವವಳಲ್ಲ. ಆದರೆ ಅವನ ಮಾತಿಗೆ ನನ್ನ ಬಾಯಿ ಯಾಕೆ? ನನ್ನ ದನಿ ತೆಗೆಯಲು ನಿಮ್ಮ ಕಮಿಟಿ ಕೂಡಬೇಕಂತೆ! ಓದಿಸುವಾಗ ಯಾವ ಕಮಿಟಿ ಕೂಡಿತ್ತು? ಸೊಕ್ಕು ನಿನಗೆ. ಎತ್ತಿ ಆಡಿಸಿದ್ದಕ್ಕೆ ಒಳ್ಳೇ ಉಡುಗೊರೆ ಕೊಟ್ಟೆ.

ದೇವರು ಆಯುಷ್ಯ ಕೊಡಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಜ್ಜಿ,
ಶರಣಮ್ಮ

ತಾ.ಕ.: ಅಂಚೆಗೆ ಹಾಕಲು ನಿಮ್ಮಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ದಿನಾ ಸಂಜೆ ದೀಪ ಹಚ್ಚಿ ನಿಮ್ಮಜ್ಜನ ಫೋಟೋದ ಮುಂದೆ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದೆ, ನೀನು ನೋಡಿ ನಗುತ್ತಿದ್ದೆ. ಆ ದಿನದಿಂದ ಬಾಯಿ ಬರುತ್ತಿಲ್ಲ. ನೀವು ಇಲ್ಲವೇ ಇಲ್ಲ ಎಂದು ಅವರ ಮುಖಕ್ಕೇ ಹೇಳಿಸಿಬಿಟ್ಟೆಯಲ್ಲೇ, ಅದೂ ನನ್ನ ದನಿಯಲ್ಲಿ! ಬೇಗ ತೆಗೆಸು. ನಿನ್ನಕ್ಕ ಆಶಾರಾಣಿಗೆ ಹೆಣ್ಣುಮಗುವಾದದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.