ಬಂಗಾರದ ಹಾಳೆಯೊಳಗೆ ಚಪ್ಪಲಿ

ಸುರಪುರ, ೮ ಜೂನ್ ೧೯೫೭, ಶನಿವಾರ ರಾತ್ರಿ

ಇಂದೂ ಲೆಕ್ಕ ಕೂಡಲಿಲ್ಲ. ವಿದ್ಯುತ್ ಆವೇಶ ಹೊತ್ತ ನಿಧಾನದ ಪರಮಾಣು, ಅಂದರೆ ಅಯಾನು, ತೆಳು ಬಂಗಾರದ ಹಾಳೆ ದಾಟುವಾಗ ಕಳೆದುಕೊಳ್ಳುವ ಶಕ್ತಿಯನ್ನು ನನ್ನ ಸೂತ್ರ ಅಳತೆಗಿಂತ ಕಡಿಮೆಯೇ ಹೇಳುತ್ತದೆ. ರಜೆ ಮುಗಿಯುವುದರೊಳಗೆ ಸರಿಹೋಗದಿದ್ದರೆ ಈ ಸಂಶೋಧನೆಯ ವಿಷಯವನ್ನೇ ಬಿಡಬೇಕೆಂದು ಹೈದರಾಬಾದಿನ ಪ್ರೊಫೆಸರರ ಅಪ್ಪಣೆ. ಊರು ಮೈಸೂರು ರಾಜ್ಯ ಸೇರಿತು; ನನ್ನ ಹಣೆಬರಹ ಮಾತ್ರ ಇನ್ನೂ ಅಲ್ಲೇ ಇದೆ.

ಸಂಜೆ ಗೆಳೆಯ ನೀಲಕಂಠನ ಟೋಪಿ ಕಸಿದು ಓಡುತ್ತ, ಪಕ್ಕದ ಕಲ್ಯಾಣಮ್ಮ ಅತ್ತೆಯ ಒಂದೇ ಕೋಣೆಯ ಮನೆಗೆ ಮುಂಬಾಗಿಲಿನಿಂದ ನುಗ್ಗಿ ಹಿತ್ತಲಿಗೆ ಹೊರಬಿದ್ದೆ.

“ಏ ಖೋಡಿ! ಹೊಸ್ತಿಲದಾಗ ಚಪ್ಪಲಿ ಬಿಡಾಕ ಏನ್ ಧಾಡಿ ನಿನಗ? ಈಗಷ್ಟ ಸಾರಿಸೇನಿ!”

ನಾನು ಕೈಮುಗಿದು, ಪರಮ ಗಂಭೀರನಾಗಿ, “ಬಿಡಬೇಕಂತನ ಬಂದಿದ್ದೆ ಅತ್ತಿ. ಬಿಡೂದ್ರಾಗ ನಿಮ್ಮ ಮನೀನ ಮುಗದ್ಹೋತು” ಎಂದೆ.

“ಮುಗದ್ಹೋತಾ? ನಾಳಿ ಬಂದು ನೀನ ಸಾರಸು!”

ಅಲ್ಲೇ ಹೊಳೆಯಿತು. ನನ್ನ ಅಯಾನು, ಸಭ್ಯರು ಚಪ್ಪಲಿ ಬಿಡುವ ಹಾಗೆ, ಹೊಸ್ತಿಲಲ್ಲೇ ಹೆಚ್ಚಿನ ಆವೇಶ ಕಳಚಿಟ್ಟು ಒಳಗೆ ಬರುತ್ತದೆಂದು ನಂಬಿ ಕೂತಿದ್ದೆ. ದಪ್ಪ ಹಾಳೆಗೆ ಆ ನಂಬಿಕೆ ಸಾಕು. ತೆಳು ಹಾಳೆಯಲ್ಲಿ ಕಳಚುವ ಮೊದಲೇ ಹಿತ್ತಲು ಬಂದುಬಿಡುತ್ತದೆ. ಆವೇಶ ಹೆಚ್ಚಿದ್ದಷ್ಟೂ ಬಂಗಾರದೊಳಗಿನ ಎಲೆಕ್ಟ್ರಾನುಗಳ ಬೈಗುಳ ಹೆಚ್ಚು, ಶಕ್ತಿಯ ನಷ್ಟವೂ ಹೆಚ್ಚು. ಅಳತೆ ಹೇಳುವುದೂ ಅದನ್ನೇ!

ಲೋಕಕಲ್ಯಾಣಾರ್ಥ ಘೋಷಿಸುತ್ತೇನೆ: ಈ ವಿಷಯ ನಾನು ಬಿಡುವುದಿಲ್ಲ. ಬೆಳಿಗ್ಗೆ ಅತ್ತೆಯ ನೆಲ ಸಾರಿಸಬೇಕು. ಅಲ್ಲಿಯವರೆಗೆ ಲೆಕ್ಕ, ಮೊದಲಿನಿಂದ. ಅಯಾನು ಹೊಸ್ತಿಲು ದಾಟಿತು, ಚಪ್ಪಲಿ ಇನ್ನೂ ಕಾಲಲ್ಲೇ ಇದೆ, ಈಗ ನಷ್ಟ ಎಷ್ಟೆಂದು ನೋಡೋಣ.